ದೆಹಲಿಯ ಚಳಿಯಲ್ಲಿ ಕರಿಬೇವು

ಊರಿನಿಂದ ತಂದು ಕುಂಡದಲ್ಲಿ ನೆಟ್ಟ ಕರಿಬೇವು ದೆಹಲಿಯ ಚಳಿ ತಾಗುತ್ತಲೇ ಹಳದಿಗಟ್ಟಿ ಎಲೆ ಉದುರಿಸುವುದುಂಟು. ಗಿಡ ಒಣಗುತ್ತಿದೆಯೆಂದು ಹೆಚ್ಚು ನೀರೆರೆಯುವುದೇ ಅನೇಕ ವೇಳೆ ಅದರ ನಾಶಕ್ಕೆ ಕಾರಣವಾಗುತ್ತದೆ. ಉಷ್ಣವಲಯದ ಈ ಸಸ್ಯವು ಚಳಿಯಲ್ಲಿ ಬೆಳವಣಿಗೆ ನಿಲ್ಲಿಸಿ ವಿಶ್ರಮಿಸುವುದರಿಂದ ಬೇರು ನೀರನ್ನು ಹೀರುವುದು ಅತ್ಯಲ್ಪ. ನಿಂತ ನೀರಿನಲ್ಲಿ ಅದು ಕೊಳೆಯುತ್ತದೆ.

ಆದುದರಿಂದ ನವೆಂಬರಿನಿಂದ ಮೇಲ್ಮಣ್ಣು ಒಂದಂಗುಲ ಒಣಗಿದ ಬಳಿಕವೇ, ಬಿಸಿಲೇರಿದ ಮೇಲೆ, ಮಿತವಾಗಿ ನೀರುಣಿಸತಕ್ಕದ್ದು. ಗೊಬ್ಬರ ಬೇಡ. ಕುಂಡವನ್ನು ದಕ್ಷಿಣದ ಬಿಸಿಲಿಗೆ, ಗೋಡೆಯ ಮರೆಗೆ ಸರಿಸುವುದು ಲೇಸು.

ಉದುರಿದ ಎಲೆಗಳನ್ನು ಸುಡಲಾಗದು. ಈ ದಿನಗಳಲ್ಲಿ ಹೊಗೆ ಮೇಲೇರದೆ ನೆಲದ ಸಮೀಪವೇ ನಿಂತು ಶ್ವಾಸರೋಗಿಗಳನ್ನು ಬಾಧಿಸುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿಯೇ ದೆಹಲಿಯಲ್ಲಿ ಇದನ್ನು ನಿಷೇಧಿಸಿತು.

ಬೋಳಾದ ಗಿಡವನ್ನು ಎಸೆಯುವ ಮುನ್ನ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವವಿದೆಯೆಂದೇ ಅರ್ಥ. ಯುಗಾದಿಯ ವೇಳೆಗೆ ಅದು ಮತ್ತೆ ಚಿಗುರಿ ಒಗ್ಗರಣೆಗೆ ಒದಗೀತು.