ಕಾಣೆಯಾದ ಪತಿ ಮತ್ತು ಇಸ್ಲಾಮೀ ಶಾಸ್ತ್ರಾರ್ಥ

ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಮೂಲಪ್ರಮಾಣಗಳನ್ನು ಪರಾಮರ್ಶಿಸಿ ಸ್ವತಂತ್ರವಾಗಿ ವಿಧಿಯನ್ನು ನಿರ್ಣಯಿಸುವುದಕ್ಕೆ ‘ಇಜ್ತಿಹಾದ್’ ಎಂದೂ, ಪೂರ್ವಾಚಾರ್ಯರ ನಿರ್ಣಯವನ್ನು ಅನುಸರಿಸುವುದಕ್ಕೆ ‘ತಕ್ಲೀದ್’ ಎಂದೂ ಹೆಸರು. ಕಾಲೋಚಿತವಾದ ಮಾರ್ಪಾಡು ಮೊದಲನೆಯದರಿಂದ ಮಾತ್ರ ಸಾಧ್ಯ, ಎರಡನೆಯದು ಅದಕ್ಕೆ ಪ್ರತಿಬಂಧಕ ಎಂದು ಸಾಮಾನ್ಯವಾಗಿ ಹೇಳುವುದುಂಟು. ಈ ಅಭಿಪ್ರಾಯವನ್ನು ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಸಂಗದಿಂದ ಪರೀಕ್ಷಿಸಬಹುದು.

ಸುನ್ನೀ ಮುಸಲ್ಮಾನರಲ್ಲಿ ಹನಫೀ, ಮಾಲಿಕೀ, ಶಾಫಿಈ, ಹಂಬಲೀ ಎಂಬ ನಾಲ್ಕು ಶಾಸ್ತ್ರಪ್ರಸ್ಥಾನಗಳುಂಟು. ಉತ್ತರಭಾರತದಲ್ಲಿ ಹನಫೀ ಪ್ರಸ್ಥಾನಕ್ಕೇ ಪ್ರಾಚುರ್ಯವು. ಅದರಲ್ಲಿ ಪ್ರಸಿದ್ಧವಾದ ಒಂದು ನಿರ್ಣಯದಂತೆ, ಗಂಡನು ಕಾಣೆಯಾದರೆ ಅವನು ಹುಟ್ಟಿ 90 ವರ್ಷಗಳು ತುಂಬುವವರೆಗೆ ಹೆಂಡತಿಯು ಕಾದಿರಬೇಕು. ಅನ್ನವಸ್ತ್ರಗಳನ್ನು ಕೊಡದ ಗಂಡನಿಂದಲೂ ನ್ಯಾಯಾಧಿಪತಿಯ ಮೂಲಕ ಬಿಡುಗಡೆಯಿಲ್ಲ. ಆದರೆ ಹೆಂಡತಿಯು ಮತವನ್ನು ತ್ಯಜಿಸಿದರೆ ವಿವಾಹವು ತಾನಾಗಿಯೇ ಮುರಿದುಹೋಗುವುದೆಂಬ ನಿರ್ಣಯವೂ ಅಲ್ಲಿಯೇ ಪ್ರಚಲಿತವಾಗಿದ್ದಿತು. ಇದರಿಂದ ಪಂಜಾಬಿನಲ್ಲಿ ಕೆಲವು ಸ್ತ್ರೀಯರು ಬಿಡುಗಡೆಗಾಗಿಯೇ ಮತತ್ಯಾಗ ಮಾಡಿದರು. 1929ರ ಜನವರಿಯಲ್ಲಿ ಮದರಾಸು, ಬೆಂಗಳೂರು, ಮೈಸೂರುಗಳಿಗೆ ಬಂದಿದ್ದ ಕವಿ ಮಹಮ್ಮದ್ ಇಕ್ಬಾಲರು, 1930ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗ್ರಂಥದಲ್ಲಿ ಈ ವಿಷಯವನ್ನೆತ್ತಿ, ಮತರಕ್ಷಣೆಗಾಗಿ ಇರುವ ಶಾಸ್ತ್ರವು ಇಲ್ಲಿ ಆ ಪ್ರಯೋಜನವನ್ನು ಸಾಧಿಸುತ್ತಿರುವುದೇ ಎಂದು ಪ್ರಶ್ನಿಸಿದರು.

ಸಮಾಧಾನವು ಬಂದುದು ತಕ್ಲೀದನ್ನು ದೃಢವಾಗಿ ಹಿಡಿದ ದೇವಬಂದ್ ಪರಂಪರೆಯಿಂದ. ಮೌಲಾನಾ ಅಶ್ರಫ್ ಅಲಿ ಥಾನವೀ (1863–1943) ಅವರು ಮದೀನದ ಮಾಲಿಕೀ ವಿದ್ವಾಂಸರ ಅಭಿಪ್ರಾಯಗಳನ್ನು ತರಿಸಿಕೊಂಡು ‘ಅಲ್-ಹೀಲತುನ್ನಾಜಿಜಾ’ ಎಂಬ ಗ್ರಂಥವನ್ನು ರಚಿಸಿದರು. ಅತ್ಯಗತ್ಯವಾದಲ್ಲಿ ಅನ್ಯಪ್ರಸ್ಥಾನದ ನಿರ್ಣಯವನ್ನು ಸ್ವೀಕರಿಸಲು ಹನಫೀ ಶಾಸ್ತ್ರವೇ ಅವಕಾಶ ಕೊಟ್ಟಿರುವುದೆಂಬುದು ಅವರ ಯುಕ್ತಿ. ಮಾಲಿಕೀ ಮತದಂತೆ ವಿಚಾರಣೆಯ ಮೇಲೆ ನಾಲ್ಕು ವರ್ಷಗಳ ನಿರೀಕ್ಷಣೆಯೇ ಸಾಕು. ಮತತ್ಯಾಗದಿಂದ ವಿವಾಹವು ಮುರಿಯದೆಂಬುದಕ್ಕೆ ಬಲ್ಖ್, ಸಮರಕಂದಗಳ ಹನಫೀ ಆಚಾರ್ಯರ ಪಕ್ಷವನ್ನೇ ಆಶ್ರಯಿಸಿದರು.

ಹೀಗಾದರೆ ಅನುಕೂಲವಾದ ಪಕ್ಷವನ್ನು ಆರಿಸಿಕೊಂಡಂತಾಗಲಿಲ್ಲವೇ ಎಂಬ ಆಕ್ಷೇಪಕ್ಕೆ, ಸ್ವೀಕರಿಸಿದ ಪ್ರಸ್ಥಾನದ ನಿಬಂಧನೆಗಳನ್ನೂ ಸಂಪೂರ್ಣವಾಗಿ ಪಾಲಿಸಬೇಕೆಂಬುದೇ ಅವರ ಉತ್ತರವು. ಮುಸಲ್ಮಾನ ನ್ಯಾಯಾಧಿಪತಿಯೇ ತೀರ್ಪು ಕೊಡಬೇಕು. ಅವನಿಲ್ಲದಲ್ಲಿ ಧರ್ಮನಿಷ್ಠರಾದ ಮುಸಲ್ಮಾನರ ಪಂಚಾಯಿತಿಯು ಕೊಡಬೇಕು.

ಇದರ ಫಲವಾಗಿ 1939ರಲ್ಲಿ ಮುಸ್ಲಿಂ ವಿವಾಹ ವಿಚ್ಛೇದನದ ಶಾಸನವಾಯಿತು. ನಾಲ್ಕು ವರ್ಷ ಪತಿಯ ಸುಳಿವಿಲ್ಲದಿರುವುದು, ಎರಡು ವರ್ಷ ಪೋಷಣೆಯಿಲ್ಲದಿರುವುದು, ಕ್ರೌರ್ಯ ಮುಂತಾದವು ಅದರಲ್ಲಿ ಬಿಡುಗಡೆಗೆ ಕಾರಣಗಳು. ಮತತ್ಯಾಗಮಾತ್ರದಿಂದ ವಿವಾಹವು ಮುರಿಯದು. ಆದರೆ ಮುಸಲ್ಮಾನ ನ್ಯಾಯಾಧಿಪತಿಯ ನಿಬಂಧನೆಯು ಶಾಸನದಲ್ಲಿ ಉಳಿಯಲಿಲ್ಲ. ಸ್ತ್ರೀಯರ ಕಷ್ಟವು ಪರಿಹಾರವಾದರೂ ಉಲಮಾಗಳಿಗೆ ಅತೃಪ್ತಿಯು ಉಳಿಯಿತು.

ನಮ್ಮಲ್ಲಿಯೂ ಪರಾಶರಸ್ಮೃತಿಯು ಪತಿಯು ಕಾಣೆಯಾಗುವುದನ್ನು ಐದು ಆಪತ್ತುಗಳಲ್ಲಿ ಒಂದಾಗಿ ಎಣಿಸಿರುವುದು; ಆ ವಚನದ ಬಲದಿಂದಲೇ ಈಶ್ವರಚಂದ್ರ ವಿದ್ಯಾಸಾಗರರು 1855ರಲ್ಲಿ ವಿಧವಾವಿವಾಹವನ್ನು ಸಮರ್ಥಿಸಿದರು. ಉಭಯತ್ರ ಹೊಸತನವು ಪ್ರವೇಶಿಸಿದುದು ಹಳೆಯ ವಚನದ ಬಾಗಿಲಿನಿಂದಲೇ. ಆದುದರಿಂದ ತಕ್ಲೀದನ್ನು ಕೇವಲ ಜಡತೆಯೆಂದು ತಳ್ಳಿಹಾಕುವುದು ಯುಕ್ತವಲ್ಲ. ಆ ಬಾಗಿಲು ಎಲ್ಲಿರುವುದೆಂಬುದನ್ನು ಬಲ್ಲವರು ಬಹುಮಟ್ಟಿಗೆ ಆ ಮನೆಯಲ್ಲಿಯೇ ಬೆಳೆದವರು.