ದತ್ತಾಂಶದ ನೀರುಗಂಟಿ

ಹುಣಸೂರು ತಾಲ್ಲೂಕಿನ ಹನಗೋಡಿನಲ್ಲಿ ಲಕ್ಷ್ಮಣತೀರ್ಥ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಯಿಂದ ನಾಲೆಗಳು ಹೊರಡುತ್ತವೆ. ಕೃಷ್ಣರಾಜನಗರದ ಗದ್ದೆಗಳಿಗೆ ಕಾವೇರಿಯ ನಾಲೆಗಳು ನೀರುಣಿಸುತ್ತವೆ. ನಾಲೆಯಲ್ಲಿ ಎಷ್ಟೇ ನೀರಿರಲಿ, ತೂಬಿನ ಬಾಯಿ ತೆರೆದಷ್ಟೇ ನೀರು ಗದ್ದೆಗಿಳಿಯುವುದು. ಹಿಂದೆ ಕೆರೆಯ ಊರುಗಳಲ್ಲಿ ಈ ತೂಬನ್ನು ತೆರೆದು ಮುಚ್ಚುವವನು ನೀರುಗಂಟಿ. ಮೇಲಿನ ಗದ್ದೆಯವನು ಬೇಕಾದಷ್ಟು ಕಟ್ಟಿಕೊಂಡರೆ ಕೊನೆಯ ಗದ್ದೆ ಒಣಗುವುದೆಂದು ಅವನು ಬಲ್ಲವನಾಗಿದ್ದನು. ಗಣಕಯಂತ್ರಗಳ ಜಾಲದಲ್ಲಿ ಇಂಥ ಕೆಲಸವನ್ನು ನಿರ್ವಹಿಸುವ ಉಪಕರಣವೇ ಸ್ವಿಚ್ಚು.

2011ರಲ್ಲಿ ಮಂಜೂರಾಗಿ, ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆಯು ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆಯ ಮೂಲಕ ಸೆಕೆಂಡಿಗೆ 100 ಮೆಗಾಬಿಟ್ ಸಾಮರ್ಥ್ಯದ ಸಂಪರ್ಕ ಒದಗಿಸುವ ಗುರಿಯಿಟ್ಟುಕೊಂಡಿತು. ಪಿರಿಯಾಪಟ್ಟಣದಲ್ಲೋ ಹೆಗ್ಗಡದೇವನಕೋಟೆಯಲ್ಲೋ ಇರುವ ಒಂದು ಪಂಚಾಯಿತಿಯನ್ನು ಊಹಿಸಿಕೊಳ್ಳೋಣ. ಕಚೇರಿ, ಶಾಲೆ, ಆಸ್ಪತ್ರೆ ಮೂರಕ್ಕೂ ಈ ಒಂದೇ ಎಳೆ. ಒಳಗಿನ ತಂತಿಗಳಾದರೋ ಒಂದೊಂದೂ 1000 ಮೆಗಾಬಿಟ್ ಸಾಗಿಸಬಲ್ಲವು. ಶಾಲೆಯವರು ವಾರ್ಷಿಕೋತ್ಸವದ ವಿಡಿಯೊ ಕಳುಹಿಸತೊಡಗಿದರೆ ಹೊರದಾರಿಯೆಲ್ಲ ತುಂಬಿ, ಪಹಣಿಗಾಗಿ ಬಂದ ರೈತನ ಪುಟ್ಟ ಕೋರಿಕೆ ಹಿಂದೆ ಉಳಿಯುತ್ತದೆ.

ಇದನ್ನು ತಡೆಯಲು ಸ್ವಿಚ್ಚು ಪ್ರತಿಯೊಂದು ದ್ವಾರಕ್ಕೂ ಲೆಕ್ಕದ ಗಡಿಗೆಯೊಂದನ್ನು ಇರಿಸಿಕೊಳ್ಳುತ್ತದೆ. ಗಡಿಗೆಯೊಳಕ್ಕೆ ನಿಗದಿತ ವೇಗದಲ್ಲಿ ಬಿಲ್ಲೆಗಳು ಬೀಳುತ್ತಿರುತ್ತವೆ. ದತ್ತಾಂಶವು ಸಾಮಾನ್ಯವಾಗಿ 1500 ಬೈಟ್, ಅಂದರೆ 12,000 ಬಿಟ್ ಮೀರದ ಪೊಟ್ಟಣಗಳಾಗಿ ಬರುತ್ತದೆ. ಪೊಟ್ಟಣವೊಂದು ದಾಟಬೇಕಾದರೆ ತನ್ನ ಗಾತ್ರಕ್ಕೆ ತಕ್ಕಷ್ಟು ಬಿಲ್ಲೆಗಳನ್ನು ತೆರಬೇಕು. ಮಿತಿ 10 ಮೆಗಾಬಿಟ್ ಆಗಿದ್ದರೆ ಸೆಕೆಂಡಿಗೆ ಸುಮಾರು 830 ದೊಡ್ಡ ಪೊಟ್ಟಣಗಳು ದಾಟುತ್ತವೆ. ಸುಮ್ಮನಿದ್ದ ದ್ವಾರದ ಗಡಿಗೆಯಲ್ಲಿ ಬಿಲ್ಲೆಗಳು ಕೂಡುವುದರಿಂದ ಅದು ಕೊಂಚ ಹೊತ್ತು ಮಿತಿಗಿಂತ ವೇಗವಾಗಿ ಓಡಬಹುದು. ಆದರೆ ಗಡಿಗೆ ತುಂಬಿದ ಮೇಲೆ ಬಿದ್ದುದು ಚೆಲ್ಲಿಹೋಗುತ್ತದೆ. ನಿನ್ನೆಯ ಉಳಿತಾಯವನ್ನೆಲ್ಲ ಇಂದು ಖರ್ಚುಮಾಡುವಂತಿಲ್ಲ.

ಬಿಲ್ಲೆ ಮುಗಿದಾಗ ಬಂದ ಪೊಟ್ಟಣದ ಗತಿಯೇನು? ಕೆಲವು ಸ್ವಿಚ್ಚುಗಳು ಅದನ್ನು ಸರದಿಯಲ್ಲಿ ನಿಲ್ಲಿಸುತ್ತವೆ. ಅವುಗಳ ಸ್ಮರಣೆ ಕಿರಿದು. ಸರದಿ ಬೆಳೆದಷ್ಟೂ ದೂರವಾಣಿಯ ಮಾತು ತಡೆತಡೆದು ಬರುತ್ತದೆ. ಉಳಿದವು ಪೊಟ್ಟಣವನ್ನು ಎಸೆದೇ ಬಿಡುತ್ತವೆ. ಇಲ್ಲಿ ನೀರಿನ ಹೋಲಿಕೆ ನಿಂತುಹೋಗುತ್ತದೆ. ಚೆಲ್ಲಿದ ನೀರು ಮರಳದು. ಎಸೆದ ಪೊಟ್ಟಣದ ಪ್ರತಿಯಾದರೋ ಸಾಮಾನ್ಯವಾಗಿ ಕಳುಹಿಸಿದವನಲ್ಲಿಯೇ ಇರುತ್ತದೆ. ತಲುಪಿತೆಂಬ ಉತ್ತರ ಬಾರದಿರಲು ಅವನು ವೇಗವನ್ನು ತಗ್ಗಿಸಿ ಮತ್ತೆ ಕಳುಹಿಸುತ್ತಾನೆ. ಎಸೆಯುವುದೇ ಒಂದು ಸಂದೇಶ.

ಈ ಸಂಯಮ ಮೊದಲಿನಿಂದ ಇದ್ದುದಲ್ಲ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಸುಮಾರು 400 ಗಜ ಅಂತರದ ಪ್ರಯೋಗಾಲಯ ಮತ್ತು ವಿಶ್ವವಿದ್ಯಾನಿಲಯಗಳ ನಡುವಿನ ಸಂಪರ್ಕದ ವೇಗವು ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಕಳೆದುಹೋದುದನ್ನು ಗಣಕಗಳು ವೇಗ ತಗ್ಗಿಸದೆ ಮತ್ತೆ ಮತ್ತೆ ಕಳುಹಿಸಿ ದಾರಿಯನ್ನು ಇನ್ನಷ್ಟು ಕಟ್ಟಿಹಾಕಿದ್ದವು. ನಷ್ಟವಾದಾಗ ಹಿಂಜರಿಯುವ ಕ್ರಮವನ್ನು ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದರು.

ಮಿತಿಯೊಂದೇ ಅಲ್ಲ, ಪೊಟ್ಟಣಗಳಿಗೆ 8 ದರ್ಜೆಗಳ ಆದ್ಯತೆಯನ್ನು ಗುರುತಿಸುವ ಏರ್ಪಾಡೂ ಉಂಟು. ಆಸ್ಪತ್ರೆಯ ಕರೆಯನ್ನು ವಿಡಿಯೊಗಿಂತ ಮುಂದೆ ಬಿಡಬಹುದು. ಆದರೆ ದರ್ಜೆಯನ್ನಾಗಲಿ ಮಿತಿಯನ್ನಾಗಲಿ ಸ್ವಿಚ್ಚು ತಾನಾಗಿ ನಿಶ್ಚಯಿಸುವುದಿಲ್ಲ. ನೀರುಗಂಟಿ ತಪ್ಪಿದರೆ ಊರಿನವರು ಅವನನ್ನು ಕರೆದು ಕೇಳಬಹುದಿತ್ತು. ಸ್ವಿಚ್ಚಿನೊಳಗಿನ ಮಿತಿ ತಂತ್ರಜ್ಞರೊಬ್ಬರು ಬರೆದಿಟ್ಟ ಅಂಕಿ. ಪಹಣಿಗಾಗಿ ನಿಂತ ರೈತನ ಕಣ್ಣಿಗೆ ಅದು ಬೀಳುವುದಿಲ್ಲ. ಕಚೇರಿಗೆ 40, ಶಾಲೆಗೆ 30 ಎಂದು ಯಾರು, ಯಾವ ಆಧಾರದ ಮೇಲೆ ಗೊತ್ತುಮಾಡಿದರೆಂದು ಕೇಳುವ ಹಕ್ಕು ಅವನಿಗೂ ಇದೆ.