ಎಡಗೈ ಪಳಗಿದರೆ ಪೆಟ್ಟಿಗೆ ಹಾಡುತ್ತದೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಜಾತ್ರೆಯ ನಾಟಕವಿರಲಿ, ಶ್ರಾವಣದ ಭಜನೆಯಿರಲಿ, ಹಾರ್ಮೋನಿಯಂ ಮೇಷ್ಟ್ರು ಸಿಗದೆ ಕೆಲಸ ಮುಂದೆ ಸಾಗುವುದಿಲ್ಲ. ನಟರಿಗೆ ಹಾಡು ಕಲಿಸುವವರು, ಶ್ರುತಿ ಗೊತ್ತುಮಾಡುವವರು, ಮಾತು ಮರೆತವನನ್ನು ಒಂದು ಸ್ವರ ಎಳೆದು ಕಾಪಾಡುವವರು ಅವರೇ. ಜನ ನೋಡುವುದು ಪೆಟ್ಟಿಗೆಯ ಮನೆಗಳ (ಕೀಲಿಗಳ) ಮೇಲೆ ಓಡಾಡುವ ಬಲಗೈಯನ್ನು. ಪಳಗಿದ ಕಿವಿ ಗಮನಿಸುವುದು ತಿದಿ ಒತ್ತುವ ಎಡಗೈಯನ್ನು.

1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೇನ್ ರೂಪಿಸಿದ ಹಾರ್ಮೋನಿಯಂಗೆ ಕಾಲಿನಿಂದ ಗಾಳಿ ತುಂಬಬೇಕಿತ್ತು. ನೆಲದ ಮೇಲೆ ಕೂತು ನುಡಿಸುವ ನಮ್ಮವರಿಗೆ ಒಗ್ಗುವ ಕೈಪೆಟ್ಟಿಗೆಯನ್ನು 1875ರ ಹೊತ್ತಿಗೆ ತಂದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಕಂಪನಿ ನಾಟಕಗಳು ಮಾತ್ರ ಕಾಲುಪೆಟ್ಟಿಗೆಯನ್ನು ಬಹುಕಾಲ ಬಿಡಲಿಲ್ಲ. ಅದರಲ್ಲಿ ಎರಡೂ ಕೈ ನುಡಿಸಲು ಬಿಡುವಾಗಿರುತ್ತವಲ್ಲ! ದಾವಣಗೆರೆಯ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ಮಂಡಳಿಗಳು ಈ ಭಾಗದ ಕಿವಿಗೆ ರಂಗಗೀತೆಯ ರುಚಿ ಹತ್ತಿಸಿದವು.

ಕೈಪೆಟ್ಟಿಗೆಯಲ್ಲಿ ತಿದಿ ಎರಡು. ಹೊರಗಿನದು ಗಾಳಿ ಎಳೆದು ಒಳಗೆ ತಳ್ಳುತ್ತದೆ. ಒಳಗಿನದು ಅದನ್ನು ಕೂಡಿಟ್ಟು, ಸ್ಪ್ರಿಂಗಿನ ಒತ್ತಡದಲ್ಲಿ ದನಿ ಹೊಮ್ಮಿಸುವ ರೀಡುಗಳಿಗೆ ಹಾಯಿಸುತ್ತದೆ. ಮೋಟಾರು, ಟ್ಯಾಂಕು, ನಲ್ಲಿಯ ಲೆಕ್ಕವೇ ಇದು: ಟ್ಯಾಂಕು ತುಂಬಿದ್ದರೆ ಮೋಟಾರು ನಿಂತರೂ ನಲ್ಲಿ ಹರಿಯುತ್ತದೆ. ಅಕಾರ್ಡಿಯನ್‌ನಲ್ಲಿ ಈ ಟ್ಯಾಂಕಿಲ್ಲ. ಎಳೆದಷ್ಟು, ಒತ್ತಿದಷ್ಟೇ ದನಿ. ಆದ್ದರಿಂದ ಅದನ್ನು ನುಡಿಸುವವರು ಹಾಡಿನ ಸಾಲು ಮುಗಿಯುವಲ್ಲೇ ತಿದಿಯ ದಿಕ್ಕು ತಿರುಗಿಸಲು ಕಲಿಯಬೇಕು. ಹಾರ್ಮೋನಿಯಂ ಕಲಿಯುವವರಿಗೆ ಒಳತಿದಿ ಬರಿದಾಗದಂತೆ ನೋಡಿಕೊಳ್ಳುವುದೇ ಮೊದಲ ಪಾಠ.

ಅಭ್ಯಾಸ ಸರಳ. ಒಂದೇ ಸ್ಟಾಪ್ (ಗಾಳಿ ಬಿಡುವ ಗುಂಡಿ) ಎಳೆದು, ಷಡ್ಜದ ಮನೆ ಒತ್ತಿ ಹಿಡಿಯಿರಿ. ತಿದಿಯನ್ನು ಪೂರ್ತಿ ತೆರೆದು ಬಡಿಯದೆ, ಚಿಕ್ಕದಾಗಿ, ಸಮನಾಗಿ ಒತ್ತಿ. ಒಂದು ಒತ್ತು ಮುಗಿದು ಇನ್ನೊಂದು ಶುರುವಾದದ್ದು ಕಿವಿಗೆ ತಿಳಿಯಬಾರದು. ಆಮೇಲೆ ಸರಳೆ, ಅಲಂಕಾರ. ತಬಲಾ ಜೊತೆಗೂಡಿದಾಗ ಎಡಗೈ ತಾಳ ಹಾಕತೊಡಗುತ್ತದೆ. ಆ ಚಾಳಿ ಬಿಡಿಸುವುದೇ ಕಷ್ಟ. ಹಾಡುಗಾರ ದನಿ ತಗ್ಗಿಸಿದರೆ ಗಾಳಿಯೂ ತಗ್ಗಬೇಕು, ಕಂದಪದ್ಯ ಮೇಲೇರಿದರೆ ಜೊತೆಗೇ ಏರಬೇಕು.

ಪೆಟ್ಟಿಗೆಯೂ ಗಟ್ಟಿಯಿರಬೇಕು. ಯಾವ ಮನೆಯನ್ನೂ ಒತ್ತದೆ ಗಾಳಿ ತುಂಬಿ ನೋಡಿ. ತುಂಬಿದ ಮೇಲೂ ಕೈಗೆ ತಡೆ ಸಿಗದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಜಗಳೂರಿನ ಬಯಲ ಧೂಳು ರೀಡಿನಲ್ಲಿ ಸಿಕ್ಕರೆ ಸ್ವರ ಕಟ್ಟುತ್ತದೆ. ಚನ್ನಗಿರಿಯ ತೋಟದ ಮನೆಗಳಲ್ಲಿ ಮಳೆಗಾಲದ ತೇವಕ್ಕೆ ತಿದಿಯ ಚರ್ಮ ಸಡಿಲಾಗುತ್ತದೆ. ಎರಡೂ ಕಡೆ ಮುಚ್ಚಳ, ಬಟ್ಟೆಯ ಹೊದಿಕೆ ಬೇಕೇಬೇಕು.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣು ಕಾಣದ ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿದರು. ಗುರುವಿನ ಕೈ ನೋಡಿ ಕಲಿಯಲಾಗದವರು ಕಿವಿಯಿಂದಲೇ ತಿದಿಯ ಹದ ಹಿಡಿಯಬೇಕು. ಕಣ್ಣಿದ್ದವರೂ ಕಲಿಯಬೇಕಾದ ದಾರಿ ಅದೇ.